ದೇವಲಾಪುರದ ಕಣ್ಣಿಲ್ಲದ ಮುಖಗಳು

ಜೂನ್ ಹತ್ತು, ಮಂಗಳವಾರ. ದೇವಲಾಪುರದ ಹೈಸ್ಕೂಲಿನಲ್ಲಿ ನನ್ನ ಮೊದಲ ಡ್ರಾಯಿಂಗ್ ಪೀರಿಯಡ್ಡು. ಮನೆಯವರಲ್ಲಿ ಒಬ್ಬರ ಮುಖ ಬರೆಯಿರಿ ಎಂದಿದ್ದೆ. ಮೂವತ್ತೊಂದು ಹಾಳೆ ಬಂದವು. ಅಜ್ಜಿಯ ಸುಕ್ಕು, ಅಪ್ಪನ ಮೀಸೆ, ತಂಗಿಯ ಜಡೆಯ ರಿಬ್ಬನ್ನು ಎಲ್ಲ ಇದ್ದವು. ಒಂದು ಮುಖಕ್ಕೂ ಕಣ್ಣಿರಲಿಲ್ಲ.

"ಕಣ್ಣ ಮೇಷ್ಟ್ರೇ ಬರೀತಿದ್ರು ಮಿಸ್," ಎಂದಳು ಮುಂದಿನ ಬೆಂಚಿನ ಚೈತ್ರಾ. "ನಾವು ಬರುದ್ರೆ ಕೆಟ್ಟೋಯ್ತದೆ."

ಮೇಷ್ಟ್ರು ಎಂದರೆ ನನಗಿಂತ ಮೊದಲಿದ್ದವರು. ತೀರಿಕೊಂಡು ವರ್ಷವಾಗಿತ್ತು. ವಿಗ್ರಹಕ್ಕೆ ಕೊನೆಯಲ್ಲಿ ಕಣ್ಣು ತೆರೆಸುವ ಹಾಗೆ, ಪ್ರತಿ ಮಗುವಿನ ಚಿತ್ರಕ್ಕೂ ಅವರೇ ಕಣ್ಣಿಟ್ಟು ಮುಗಿಸುತ್ತಿದ್ದರಂತೆ. ಶಾಲೆಯ ಗೋಡೆಯ ಮೇಲೆ ಅವರು ಅರ್ಧಕ್ಕೆ ಬಿಟ್ಟ ಚಿತ್ರವಿದೆ. ರಾಗಿಹೊಲದ ಬದುವಿನ ಮೇಲೆ ಮಕ್ಕಳ ಸಾಲು. ಅವರಿಗೂ ಕಣ್ಣಿಲ್ಲ. ದಿನವೂ ಅದರ ಮುಂದೆಯೇ ಹಾದು ಕ್ಲಾಸಿಗೆ ಹೋಗಬೇಕು.

ನನಗೆ ಸಿಕ್ಕ ಬಾಡಿಗೆ ಕೋಣೆಯೂ ಅವರು ಇದ್ದದ್ದೇ. ಕಿಟಕಿಯಲ್ಲಿ ಅವರ ಕುಂಚಗಳಿದ್ದವು. "ಎಸೀಬ್ಯಾಡ ಕಣವ್ವ, ಇರ್ಲಿ ಬುಡು," ಎಂದರು ಮನೆಯೊಡತಿ ಪುಟ್ಟತಾಯಮ್ಮ. ನಮ್ಮ ರಾಯಚೂರಿನ 'ಬಿಡು' ಇಲ್ಲಿ 'ಬುಡು', ನಮ್ಮ 'ಹಂಗ' ಇಲ್ಲಿ 'ಅಂಗೆ'. ಕಿವಿ ಬೇಗ ಒಗ್ಗಿತು, ಗಂಟಲು ಒಗ್ಗಲಿಲ್ಲ. ನಮ್ಮಲ್ಲಿ ರೊಟ್ಟಿ ತಟ್ಟುವ ಸದ್ದಿಗೇ ಹಸಿವಾಗುತ್ತದೆ. ಇಲ್ಲಿ ಮುದ್ದೆ ಸದ್ದಿಲ್ಲದೆ ಇಳಿಯಬೇಕು.

"ಅಗೀತಾಳಲ್ಲಪ್ಪೋ ಈ ಮಗ," ಎಂದು ಪುಟ್ಟತಾಯಮ್ಮ ನಗುತ್ತಿದ್ದರು. "ಅದೇನು ಕಬ್ಬೇ?" ಆಗಸ್ಟಿನಲ್ಲಿ ಒಂದು ಮುದ್ದೆಯನ್ನು ಅಗಿಯದೆ ಮುಗಿಸಿದೆ. ಡೈರಿಯಲ್ಲಿ ಅದರ ಲೆಕ್ಕಕ್ಕೊಂದು ಗೆರೆ ಎಳೆದಿದ್ದೇನೆ. ಇಲ್ಲಿಗೆ ಬಂದ ಮೇಲೆ ನಾನು ಬರೆದ ಚಿತ್ರಗಳ ಲೆಕ್ಕದಲ್ಲಿ ಮಾತ್ರ ಒಂದೂ ಗೆರೆ ಇಲ್ಲ. ಟರ್ಪೆಂಟೈನ್ ವಾಸನೆ ಹೋಗದ ಆ ಕೋಣೆಯಲ್ಲಿ ಪೆನ್ಸಿಲು ಹಿಡಿದರೆ, ಹಿಂದೆ ಯಾರೋ ನಿಂತು ಕಾಯುತ್ತಿರುವಂತೆ ಅನಿಸುತ್ತಿತ್ತು.

ಕಣ್ಣು ನೀವೇ ಬರೆಯಿರಿ ಎಂದು ಮಕ್ಕಳಿಗೆ ವಾರಗಟ್ಟಲೆ ಹೇಳಿದೆ. ಅವರು ರಬ್ಬರಿನಿಂದ ಹಾಳೆ ತೂತು ಮಾಡಿದರೇ ಹೊರತು ಬರೆಯಲಿಲ್ಲ. ಮೇಷ್ಟ್ರ ಮೇಲೆ ಸಿಟ್ಟು ಬಂತು. ಆಮೇಲೆ ಸೋತು, ಒಂದು ಶನಿವಾರ ಮೂವತ್ತೊಂದಕ್ಕೂ ನಾನೇ ಕಣ್ಣಿಟ್ಟು ಗೋಡೆಗೆ ಅಂಟಿಸಿದೆ.

ಚೈತ್ರಾ ಬಹಳ ಹೊತ್ತು ನೋಡಿದಳು. "ಇದು ನಮ್ಮಜ್ಜಿ ಅಲ್ಲ ಮಿಸ್. ನಮ್ಮಜ್ಜಿ ಇಂಗೆ ನೋಡಕ್ಕಿಲ್ಲ."

ಹಿಂದೆ ಸರಿದು ನಿಂತು ನೋಡಿದೆ. ಮೂವತ್ತೊಂದು ಮುಖಗಳಿಂದಲೂ ನನ್ನನ್ನು ನೋಡುತ್ತಿದ್ದದ್ದು ರಾಯಚೂರಿನ ನನ್ನ ಅವ್ವನ ಕಣ್ಣು.

ನಾನಿಟ್ಟ ಕಣ್ಣುಗಳನ್ನೆಲ್ಲ ಅಳಿಸಿದೆ. "ಮನೆಗೆ ಹೋಗಿ ಅಜ್ಜಿ ಎದುರಿಗೆ ಕೂತು ನೋಡು. ಕೆಟ್ಟರೆ ಕೆಡಲಿ, ಹಾಳೆ ಇನ್ನೂ ಇವೆ," ಎಂದು ಚೈತ್ರಾಳಿಗೆ ಹಾಳೆ ವಾಪಸು ಕೊಟ್ಟೆ. ಸೋಮವಾರ ತಂದಳು. ಒಂದು ಕಣ್ಣು ದೊಡ್ಡದು, ಇನ್ನೊಂದು ಬೂದುಬಣ್ಣ.

"ಪೊರೆ ಬಂದದೆ ಮಿಸ್. ಅದ್ಕೇ ಅಂಗೆ."

"ಲೇ, ನಿಮ್ಮಜ್ಜಿ ಬೈಯೋ ಅಂಗೇ ಅದೆ ಕಣ್ಲೇ," ಎಂದ ಹಿಂದಿನ ಬೆಂಚಿನವನೊಬ್ಬ. ಕ್ಲಾಸು ನಕ್ಕಿತು. ಅವತ್ತೇ ಇನ್ನು ನಾಲ್ವರು ಮನೆಗೆ ಹಾಳೆ ಒಯ್ದರು. ದಸರೆಯ ಹೊತ್ತಿಗೆ ಮೂವರದು ಬಿಟ್ಟು ಎಲ್ಲರ ಮುಖಗಳಿಗೂ ಕಣ್ಣು ಬಂದಿದ್ದವು. ಮೇಷ್ಟ್ರ ಗೋಡೆಯನ್ನು ನಾವು ಯಾರೂ ಮುಟ್ಟಲಿಲ್ಲ.

ರಜೆಗೆ ರಾಯಚೂರಿಗೆ ಹೋದಾಗ ಅವ್ವನನ್ನು ಎದುರಿಗೆ ಕೂರಿಸಿಕೊಂಡೆ. ಹಣೆ, ಮೂಗು, ತುಟಿ ಬಂದವು. ದೂರದಲ್ಲಿದ್ದಾಗ ನೋಡದೆಯೇ ಬರೆದಿದ್ದ ಕಣ್ಣು, ಎದುರಿಗಿದ್ದಾಗ ಕೈಗೆ ಬರಲಿಲ್ಲ. ಅವು ಸ್ವಲ್ಪ ಬದಲಾಗಿದ್ದವು.

"ಕಣ್ಣು ಯಾಕ ಬಿಟ್ಟೀ?" ಎಂದಳು ಅವ್ವ.

"ಇರ್ಲಿ ಬುಡವ್ವ," ಎಂದೆ.

"ಅದ್ಯಾರ ಮಾತು?" ಎಂದು ನಕ್ಕಳು.

ಹಾಳೆಯನ್ನು ಹಾಗೇ ಸುತ್ತಿಕೊಂಡು ದೇವಲಾಪುರಕ್ಕೆ ತಂದೆ. ಕಿಟಕಿಯಲ್ಲಿ ಮೇಷ್ಟ್ರ ಕುಂಚಗಳ ಪಕ್ಕ ಇಟ್ಟಿದ್ದೇನೆ.