ಅಕ್ಕನಿಗೆ ಕೊಡದೆ ಉಳಿದದ್ದು

ಅಕ್ಕನ ಎರಡೂ ಕಿಡ್ನಿ ಹೋಗಿವೆ ಎಂದು ತಿಳಿದ ದಿನ, ಯಾರೂ ಕೇಳುವ ಮೊದಲೇ ನಾನು ಹೇಳಿಬಿಟ್ಟೆ: "ನನ್ನದು ಒಂದು ಕೊಡುತ್ತೇನೆ." ಅಮ್ಮ ತೀರಿಕೊಂಡಾಗ ನನಗೆ ನಾಲ್ಕು ವರ್ಷ. ಆಮೇಲೆ ಸಾಕಿದವಳು ಅಕ್ಕನೇ. ಬೀಡಿ ಕಟ್ಟಿ ನನಗೆ ಹೊಲಿಗೆ ಕಲಿಸಿದಳು, ಕಾಪುವಿನಲ್ಲಿ ಸಣ್ಣ ಅಂಗಡಿ ಹಾಕಿಸಿದಳು. ಅದಾದ ಮೇಲೆಯೇ ಮದುವೆಯಾಗಿ ಕಾರ್ಕಳಕ್ಕೆ ಹೋದಳು.

ಭಯ ಶುರುವಾದದ್ದು ಮರುದಿನ. ಬಟ್ಟೆಗೆ ಕತ್ತರಿ ಹಾಕುವಾಗ ನನ್ನದೇ ಪಕ್ಕೆ ನೆನಪಾಗುತ್ತಿತ್ತು. ಊಟ ಸೇರುತ್ತಿರಲಿಲ್ಲ. ಹೆಂಡತಿ ಬೇಡ ಎಂದಿದ್ದರೆ ಅವಳ ನೆವ ಮಾಡಿ ಹಿಂದೆ ಸರಿಯುತ್ತಿದ್ದೆನೋ ಏನೋ. ಅಕ್ಕ ವಾರಕ್ಕೆ ಎರಡು ಸಲ ಬಸ್ಸಿನಲ್ಲಿ ಮಣಿಪಾಲದ ಆಸ್ಪತ್ರೆಗೆ ಬಂದು ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದಳು. ನಾನೂ ಉಡುಪಿಯಲ್ಲಿ ಬಸ್ಸು ಬದಲಿಸಿ ಅಲ್ಲಿಗೆ ಹೋಗಿ ಒಂದೊಂದೇ ಪರೀಕ್ಷೆ ಮುಗಿಸುತ್ತಿದ್ದೆ. ರಕ್ತದ ಗುಂಪು ಹೊಂದಿತು. ಭಾವ ನನ್ನ ಕೈ ಹಿಡಿದುಕೊಂಡು ಅತ್ತರು.

ಮುಂದಿನ ರಿಪೋರ್ಟು ಬಂದ ಬೆಳಿಗ್ಗೆ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಿಮಗೆ ಸಕ್ಕರೆ ಕಾಯಿಲೆ ಉಂಟು. ಗೊತ್ತಿರಲಿಲ್ಲವಾ?"

"ಇಲ್ಲ."

"ನಿಮ್ಮ ಕಿಡ್ನಿ ತೆಗೆಯಲಿಕ್ಕೆ ಆಗುವುದಿಲ್ಲ. ಬೇಸರ ಮಾಡಬೇಡಿ, ಇದು ನಿಮ್ಮ ತಪ್ಪಲ್ಲ."

ಬೇಸರದ ಮುಖ ಮಾಡಿಕೊಂಡೇ ಹೊರಬಂದೆ. ಮೆಟ್ಟಿಲಿಳಿಯುವಷ್ಟರಲ್ಲಿ ಮೈಯೆಲ್ಲ ಹಗುರವಾಯಿತು. ಬಚಾವಾದೆ ಎಂದುಕೊಂಡೆ. ನೇರ ಎದುರಿನ ಹೋಟೆಲಿಗೆ ಹೋಗಿ ಬಾಳೆಹಣ್ಣಿನ ಸಿಹಿ ಬನ್ಸ್ ತಿಂದೆ, ಗೋಳಿಬಜೆ ತಿಂದೆ. ಎಷ್ಟೋ ವಾರಗಳ ಮೇಲೆ ತಿಂಡಿ ರುಚಿಸಿತು. ಇನ್ನೊಂದು ಪ್ಲೇಟು ಹೇಳಿದೆ. ಅದೇ ಹೊತ್ತಿಗೆ ಅಕ್ಕ ಆಸ್ಪತ್ರೆಯ ಮಹಡಿಯಲ್ಲಿ ಡಯಾಲಿಸಿಸ್ ಮೆಷಿನಿಗೆ ಕೈ ಕೊಟ್ಟು ಮಲಗಿದ್ದಳು.

ಬಾಯಿ ಒರೆಸಿಕೊಂಡು ಹೋಗಿ ಅವಳಿಗೆ ಹೇಳಿದೆ. ಅವಳು ಮುಖ ನನ್ನ ಕಡೆ ತಿರುಗಿಸಿದಳು.

"ಒಳ್ಳೆಯದಾಯಿತು ಮಾರಾಯ. ನಿನ್ನನ್ನು ಕೊಯ್ಯುತ್ತಾರಲ್ಲ ಅಂತ ನನಗೆ ನಿದ್ರೆಯೇ ಇರಲಿಲ್ಲ. ನೀನು ಇನ್ನು ಸಿಹಿ ತಿನ್ನಬೇಡ, ಆಯ್ತಾ?"

ಆಗ ನನಗೆ ಅಳು ಬಂತು. ನಾನು ತನಗಾಗಿ ಅಳುತ್ತಿದ್ದೇನೆ ಎಂದುಕೊಂಡು ಅವಳು ಇನ್ನೊಂದು ಕೈಯಿಂದ ನನ್ನ ತಲೆ ಸವರಿದಳು.

ಕೊಡಲು ಬೇರೆ ಯಾರೂ ಇರಲಿಲ್ಲ. ಭಾವನಿಗೆ ಹೃದಯದ ತೊಂದರೆ, ಮಗಳು ಇನ್ನೂ ಹೈಸ್ಕೂಲು. ಒಂದೂವರೆ ವರ್ಷ ಅಕ್ಕ ಹಾಗೆಯೇ ಓಡಾಡಿದಳು. ನಾನು ಮೊದಮೊದಲು ಪ್ರತಿ ಸಲ ಮಣಿಪಾಲಕ್ಕೆ ಹೋಗುತ್ತಿದ್ದೆ, ಮತ್ತೆ ತಿಂಗಳಿಗೊಮ್ಮೆ. ಆಮೇಲಾಮೇಲೆ ಎಸ್‌ಟಿಡಿ ಬೂತಿನಿಂದ ಫೋನು ಮಾಡಿ, ಮದುವೆ ಸೀಸನ್ನು, ಕೆಲಸ ತುಂಬ ಉಂಟು ಎನ್ನುತ್ತಿದ್ದೆ. "ಬರಬೇಡ, ನಿನ್ನ ಕೆಲಸ ನೋಡು" ಎನ್ನುತ್ತಿದ್ದಳು. ಒಂದು ಬೆಳಿಗ್ಗೆ ಮಣಿಪಾಲಕ್ಕೆ ಹೊರಟವಳು ಕಾರ್ಕಳದ ಬಸ್ ಸ್ಟ್ಯಾಂಡಿನಲ್ಲೇ ಕುಸಿದಳು. ಮತ್ತೆ ಏಳಲಿಲ್ಲ.

ಮನೆಗೆ ಬಂದವರಿಗೆಲ್ಲ ಅವಳ ಮಗಳು ನನ್ನನ್ನು ತೋರಿಸಿ ಹೇಳುತ್ತಿದ್ದಳು: "ಮಾವ ಕೊಡಲಿಕ್ಕೆ ತಯಾರಿದ್ದರು. ದೇವರು ಬಿಡಲಿಲ್ಲ."

ಹಿರಿಯರು ನನ್ನ ಬೆನ್ನು ತಟ್ಟಿದರು. ನಾನು ಬಂದವರಿಗೆ ಕುರ್ಚಿ ತಂದಿಡುತ್ತ ಅತ್ತಿತ್ತ ಓಡಾಡಿದೆ.