ಚಪ್ಪಲಿ ಕಾಯುವವಳು ಮರಳುಗುಡ್ಡ ಹತ್ತಿದ್ದು

ನಾನು ರಾಜಸ್ಥಾನ ನೋಡಿಕೊಂಡು ಬಂದೆ. ಸರಿಯಾಗಿ ಹೇಳಬೇಕೆಂದರೆ, ರಾಜಸ್ಥಾನದ ಪಾರ್ಕಿಂಗ್ ಜಾಗಗಳನ್ನು ನೋಡಿಕೊಂಡು ಬಂದೆ.

ನಗಬೇಡಿ. ಉದಯಪುರದ ಸರೋವರದ ಪಾರ್ಕಿಂಗ್‌ನಲ್ಲಿ ಬೇವಿನ ಮರದ ನೆರಳಿದೆ. ಜೋಧಪುರದ ಕೋಟೆಯ ಪಾರ್ಕಿಂಗ್‌ನಲ್ಲಿ ನೆರಳಿಲ್ಲ, ಆದರೆ ಚಹಾ ಚೆನ್ನಾಗಿದೆ. ದಾರಿಯಲ್ಲಿ ಸಿಕ್ಕ ಒಂದು ಮೆಟ್ಟಿಲುಬಾವಿಯ ಎದುರು ಎರಡು ನಾಯಿಗಳಿವೆ, ಒಂದಕ್ಕೆ ನಮ್ಮ ದಾವಣಗೆರೆ ಮಂಡಕ್ಕಿ ಇಷ್ಟ, ಇನ್ನೊಂದು ಮೂಸಿಯೂ ನೋಡುವುದಿಲ್ಲ. ಸರೋವರ ಹೇಗಿತ್ತು, ಕೋಟೆ ಹೇಗಿತ್ತು, ಬಾವಿ ಎಷ್ಟು ಆಳ ಎಂದು ಮಾತ್ರ ನನ್ನನ್ನು ಕೇಳಬೇಡಿ. ಅವನ್ನೆಲ್ಲ ನಾನು ನೋಡಿದ್ದು ಅಣ್ಣನ ಮೊಬೈಲ್‌ನಲ್ಲಿ.

ಯಾಕೆ, ನೀವು ಇಳಿಯಲಿಲ್ಲವಾ ಮೇಡಂ? ಇಳಿಸಲಿಲ್ಲ.

ಈ ಅಂಕಣ ಹೊಸದಾಗಿ ಓದುತ್ತಿರುವವರಿಗಾಗಿ ಹೇಳುತ್ತೇನೆ. ಎರಡು ವರ್ಷದವಳಿದ್ದಾಗ ನನಗೆ ಪೋಲಿಯೊ ಆಯಿತು. ಬಲಗಾಲಿಗೆ ಕ್ಯಾಲಿಪರ್ ಹಾಕಿಕೊಳ್ಳುತ್ತೇನೆ. ಎರಡೂ ಬದಿಗೆ ಕಬ್ಬಿಣದ ಕಂಬಿ, ನಡುವೆ ಬೆಲ್ಟುಗಳು, ಕೆಳಗೆ ಚರ್ಮದ ಬೂಟು. ಈಗ ವಯಸ್ಸು ಐವತ್ತೆರಡು. ಹಿಂದೆ ಎರಡು ಗಾಲಿ ಜಾಸ್ತಿ ಇರುವ ಸ್ಕೂಟರ್‌ನಲ್ಲಿ ದಿನಾ ಹರಿಹರದಿಂದ ಗುತ್ತೂರಿಗೆ ಹೋಗಿ ಮಕ್ಕಳಿಗೆ ಗಣಿತ ಕಲಿಸುತ್ತೇನೆ. ಒಬ್ಬಳೇ ಇದ್ದೇನೆ. ಗ್ಯಾಸ್ ಸಿಲಿಂಡರ್ ನಾನೇ ಬದಲಾಯಿಸುತ್ತೇನೆ, ಒಂಬತ್ತನೇ ಕ್ಲಾಸಿನ ಹಿಂದಿನ ಬೆಂಚನ್ನೂ ನಾನೇ ಸುಧಾರಿಸುತ್ತೇನೆ. (ಎರಡನೆಯದು ಹೆಚ್ಚು ಅಪಾಯಕಾರಿ.)

ಆದರೆ ಫ್ಯಾಮಿಲಿ ಟ್ರಿಪ್ ಅಂತ ಒಂದು ಶುರುವಾದರೆ ಸಾಕು, ನಾನು ಲಗೇಜ್ ಆಗಿಬಿಡುತ್ತೇನೆ.

ಇದು ಇವತ್ತು ನಿನ್ನೆಯದಲ್ಲ. ಚಿಕ್ಕವಳಿದ್ದಾಗ ಯಾವ ಗುಡಿಗೆ ಹೋದರೂ ಚರ್ಮದ ಬೂಟು ಒಳಗೆ ಬರುವಂತಿರಲಿಲ್ಲ. ಅದನ್ನು ಬಿಚ್ಚಿ ಕಟ್ಟಲು ಹತ್ತು ನಿಮಿಷ ಬೇಕು. ಅಷ್ಟು ಹೊತ್ತು ಯಾರು ಕಾಯುತ್ತಾರೆ? "ಲೀಲಾ ಇಲ್ಲೇ ಕೂಡ್ರಲಿ ಬಿಡ್ರಿ, ಚಪ್ಪಲಿ ನೋಡ್ಕೊಂತಾಳೆ" ಎಂದು ದೊಡ್ಡವರು ಒಳಗೆ ಹೋಗುತ್ತಿದ್ದರು. ನಾನು ಕೂತು ನೋಡಿಕೊಳ್ಳುತ್ತಿದ್ದೆ. ದೊಡ್ಡಪ್ಪನ ಚಪ್ಪಲಿ ಎಡಗಡೆಯೇ ಸವೆಯುತ್ತದೆ, ಚಿಕ್ಕಮ್ಮನದಕ್ಕೆ ಯಾವಾಗಲೂ ಒಂದು ಪಿನ್ ಚುಚ್ಚಿರುತ್ತದೆ. ದೇವರ ಮುಖಕ್ಕಿಂತ ನೆಂಟರ ಚಪ್ಪಲಿಗಳೇ ನನಗೆ ಹೆಚ್ಚು ಪರಿಚಯ. ಪ್ರಸಾದ ಮಾತ್ರ ತಪ್ಪದೆ ಹೊರಗೆ ಬರುತ್ತಿತ್ತು, ಸುಳ್ಳು ಹೇಳಬಾರದು.

ಸರಿ, ಟ್ರಿಪ್ಪಿಗೆ ಬರೋಣ.

ದಸರಾ ರಜೆಯಲ್ಲಿ ಮರುಭೂಮಿ ನೋಡೋಣ ಎಂದು ಐಡಿಯಾ ಹಾಕಿದವಳೇ ನಾನು. ಕಾರು ಅಣ್ಣನದು. ದಾವಣಗೆರೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾನೆ, ನನಗಿಂತ ನಾಲ್ಕು ವರ್ಷ ದೊಡ್ಡವನು. ಜೊತೆಗೆ ಅತ್ತಿಗೆ, ಅವರ ಮಗಳು ಚೈತ್ರಾ. ಅವಳು ಈ ವರ್ಷ ಡಿಗ್ರಿ ಮುಗಿಸಿದ್ದಾಳೆ, ಅಪ್ಪನಿಗಿಂತ ಚೆನ್ನಾಗಿ ಕಾರು ಓಡಿಸುತ್ತಾಳೆ. (ಅಪ್ಪನಿಗೆ ಇದನ್ನು ಹೇಳುವಂತಿಲ್ಲ.) ಬೆಳಿಗ್ಗೆ ಹರಿಹರಕ್ಕೆ ಬಂದು ನನ್ನನ್ನು ಹತ್ತಿಸಿಕೊಂಡರು. ದಾವಣಗೆರೆ ದಾಟಿ ಬಾತಿ ಬರುವಷ್ಟರಲ್ಲೇ ಅತ್ತಿಗೆ ಮಂಡಕ್ಕಿ ಡಬ್ಬಿ ಬಿಚ್ಚಿದ್ದರಂತೆ. ನಾನು ಹತ್ತಿದಾಗ ಅರ್ಧ ಖಾಲಿ.

ಮೂರು ದಿನದ ದಾರಿ ಹಾಡು, ಹರಟೆ, ಶೇಂಗಾ ಚಟ್ನಿ, ರೊಟ್ಟಿಯಲ್ಲಿ ಕಳೆಯಿತು. ನಾನು ಖುಷಿಯಾಗಿಯೇ ಇದ್ದೆ. ಉದಯಪುರದಲ್ಲಿ ಸರೋವರದ ಹತ್ತಿರ ಕಾರು ನಿಲ್ಲಿಸಿ ಅಣ್ಣ ಹಿಂದೆ ತಿರುಗಿದ.

"ಲೀಲಾ, ಬಾಳ ಮೆಟ್ಲು ಅದಾವ. ನೀನು ಕಾರಾಗೇ ಕೂತಿರು. ನಾವು ಹಿಂಗೆ ಹೋಗಿ ಹಂಗೆ ಬರ್ತೀವಿ. ಫೋಟೋ ತೋರಿಸ್ತೀನಿ."

ಹಿಂಗೆ ಹೋದವರು ಹಂಗೆ ಬಂದಿದ್ದು ಒಂದೂವರೆ ಗಂಟೆಯ ಮೇಲೆ. ನನ್ನ ಮಡಿಲಲ್ಲಿ ಅತ್ತಿಗೆಯ ಹ್ಯಾಂಡ್‌ಬ್ಯಾಗ್, ಪಕ್ಕದಲ್ಲಿ ಚೈತ್ರಾಳ ಶೂ, ಕಾಲ ಬಳಿ ನೀರಿನ ಕ್ಯಾನು. ಮೆಟ್ಟಿಲುಬಾವಿಯ ಹತ್ತಿರವೂ ಅದೇ ಮಾತು. ಜೋಧಪುರದ ಕೋಟೆಯ ಕೆಳಗೂ ಅದೇ ಮಾತು. ನಾನೂ ರೂಢಿಯಂತೆ ತಲೆಯಾಡಿಸಿದೆ. ತಪ್ಪು ನನ್ನದೂ ಇದೆ. ಐವತ್ತು ವರ್ಷ ತಲೆಯಾಡಿಸಿದವಳು ನಾನೇ ತಾನೆ?

ಕೋಟೆಯ ಕೆಳಗೆ ಚಹಾ ಮಾರುವ ಯಜಮಾನರೊಬ್ಬರು ಕಿಟಕಿಗೆ ಬಂದು ಲೋಟ ಕೊಟ್ಟರು. ಅವರ ಹಿಂದಿ, ನನ್ನ ಹಿಂದಿ ಎರಡೂ ಸೇರಿ ಹೇಗೋ ಮಾತು ನಡೆಯಿತು. ನೀವ್ಯಾಕೆ ಮೇಲೆ ಹೋಗಲಿಲ್ಲ ಎಂದರು. ನಾನು ಕಾಲು ತೋರಿಸಿದೆ. ಅವರು ಕಾಲು ನೋಡಿದರು, ಕೋಟೆ ನೋಡಿದರು, ಆಮೇಲೆ ಆಶ್ಚರ್ಯದಿಂದ ಕೇಳಿದರು: "ಲಿಫ್ಟ್ ಇದೆಯಲ್ಲ ದೀದಿ?"

ಅಣ್ಣ ಬೆವರು ಒರೆಸಿಕೊಳ್ಳುತ್ತ ವಾಪಸ್ ಬಂದ. ನಾನು ಕಾಯುತ್ತಿದ್ದೆ.

"ಅಣ್ಣಾ, ಮ್ಯಾಲಕ್ಕೆ ಲಿಫ್ಟ್ ಐತಂತೆ."

"ಐತೆ."

"ನಿನಗೆ ಗೊತ್ತಿತ್ತಾ?"

"ಟಿಕೆಟ್ ತಗೊಳ್ಳೋವಾಗ ಬೋರ್ಡ್ ನೋಡ್ದೆ. ಬ್ಯಾಡ ಬಿಡು. ಕರೆಂಟ್ ಹೋಗಿ ನಡುವೆ ನಿಂತ್ರೆ ಏನ್ ಮಾಡ್ತಿದ್ದಿ? ಒಳಗೇನೂ ಇಲ್ಲ, ಬರೀ ಕತ್ತಿ, ಪಲ್ಲಕ್ಕಿ. ತಡಿ, ಫೋಟೋ ತೋರಿಸ್ತೀನಿ."

ನನಗೆ ಮೈಯೆಲ್ಲ ಉರಿದುಹೋಯಿತು. ಪಲ್ಲಕ್ಕಿ ಬೇಕೋ ಬೇಡವೋ ಎಂದು ನಾನು ಹೇಳಬೇಕಲ್ಲವೇ? ಲಿಫ್ಟ್‌ನಲ್ಲಿ ಸಿಕ್ಕಿಹಾಕಿಕೊಳ್ಳುವ ಹಕ್ಕು ನನಗೂ ಇಲ್ಲವೇ?

ಅಣ್ಣ ಕೆಟ್ಟವನಾಗಿದ್ದರೆ ಸುಲಭವಿತ್ತು, ಜಗಳ ಆಡಿ ಗೆಲ್ಲುತ್ತಿದ್ದೆ. ಆದರೆ ಸೈಕಲ್ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಏಳು ವರ್ಷ ನನ್ನನ್ನು ಶಾಲೆಗೆ ಮುಟ್ಟಿಸಿದವನು ಅವನು. ಮಳೆ ಬಂದರೆ ತಾನು ನೆನೆದು ನನಗೆ ಕೊಡೆ ಕೊಟ್ಟವನು. ಅಂಥವನಿಗೆ ಬೈಯುವುದು ಹೇಗೆ? ಜೈಸಲ್ಮೇರ್ ದಾರಿಯುದ್ದಕ್ಕೂ ನಾನು ಬಾಯಿ ಬಿಡಲಿಲ್ಲ. ಎರಡೂ ಕಡೆ ಕುರುಚಲು ಗಿಡ, ಕುರಿ ಹಿಂಡು, ಬಿಸಿಲು. "ಯಾಕ ಲೀಲಾ, ಸುಸ್ತಾಯ್ತಾ?" ಎಂದು ಅತ್ತಿಗೆ ನಾಲ್ಕು ಸಲ ಕೇಳಿದರು. ಸುಸ್ತಾಗಲು ನಾನೇನು ಮಾಡಿದ್ದೆ? ಕೂತಿದ್ದೆ.

ಮರುದಿನ ಸಂಜೆ ಐದು ಗಂಟೆಗೆ ಮರಳುಗುಡ್ಡಗಳ ಎದುರು ಕಾರು ನಿಂತಿತು. ನಾನು ಬಂದಿದ್ದೇ ಇದಕ್ಕೆ. ಮೇಲಿನಿಂದ ಸೂರ್ಯ ಮುಳುಗುವುದನ್ನು ನೋಡಬೇಕು, ಅಷ್ಟೇ ನನ್ನ ಆಸೆ. ಮೂವರೂ ಚಪ್ಪಲಿ ಬಿಚ್ಚಿ ಕಾರಿನ ಪಕ್ಕ ಬಿಟ್ಟರು. ಅಣ್ಣ ನನ್ನ ಕಡೆಯ ಗಾಜು ಇಳಿಸಿದ.

"ಇಲ್ಲಿಂದನೇ ಚೆಂದ ಕಾಣ್ತೈತೆ ನೋಡು. ನೀನು ಕೂತಿರು."

ಕಾಣುತ್ತಿದ್ದುದು ಒಂದು ಜೀಪಿನ ಬೆನ್ನು.

ನಾನು ಬಾಗಿಲು ತೆರೆದೆ, ಒಂದೊಂದೇ ಬೆಲ್ಟ್ ಬಿಚ್ಚಿ ಕ್ಯಾಲಿಪರ್ ತೆಗೆದೆ. ಮರಳು ಹೊಕ್ಕರೆ ಮಂಡಿಯ ಕೀಲು ಕೆಡುತ್ತದೆ, ಅದನ್ನು ಹಾಕಿಕೊಂಡು ಹತ್ತುವಂತಿಲ್ಲ. ಚೈತ್ರಾ ಕೈ ಹಿಡಿದು ಗುಡ್ಡದ ಬುಡದವರೆಗೆ ಕರೆದುಕೊಂಡು ಹೋದಳು. ಅಲ್ಲಿ ಕೂತೆ, ಗುಡ್ಡಕ್ಕೆ ಬೆನ್ನು ಮಾಡಿ. ಎರಡೂ ಅಂಗೈ ಹಿಂದೆ ಊರಿ, ಎಡಗಾಲು ಒದ್ದು, ಕೂತಲ್ಲಿಂದಲೇ ಒಂದು ಗೇಣು ಮೇಲೆ ಸರಿದೆ. ಆಮೇಲೆ ಇನ್ನೊಂದು ಗೇಣು. ಚಿಕ್ಕವಳಿದ್ದಾಗ ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಮಾಳಿಗೆಯ ಮೆಟ್ಟಿಲನ್ನು ಹೀಗೇ ಹತ್ತುತ್ತಿದ್ದೆ.

"ಏಯ್ ಲೀಲಾ! ಏನಿದು ಹುಚ್ಚಾಟ? ಬ್ಯಾಡ ಅಂದ್ನಲ್ಲ! ಬಿದ್ದಿ ಅಂದ್ರೆ?"

"ಮರಳಾಗ ಕೂತೀನಿ. ಇನ್ನೆಲ್ಲಿಗೆ ಬೀಳ್ಲಿ ಅಣ್ಣಾ?"

ಚೈತ್ರಾ ಕಿಸಕ್ಕನೆ ನಕ್ಕಳು. ಅತ್ತಿಗೆ ಸುತ್ತ ನೋಡಿ, "ಎಲ್ರೂ ನೋಡಾಕತ್ಯಾರಲ್ಲ ಲೀಲಾ" ಎಂದು ಮೆಲ್ಲಗೆ ಅಂದರು. ನೋಡುತ್ತಿದ್ದರು, ನಿಜ. ಇಬ್ಬರು ವಿಡಿಯೋ ಮಾಡುತ್ತಿದ್ದರು. ಒಬ್ಬ ಹೆಂಗಸು 'ಬೇಚಾರಿ' ಅಂದದ್ದೂ ಕೇಳಿಸಿತು. ಪಾಪವಂತೆ! ಕಾರಿನಲ್ಲಿ ಬ್ಯಾಗು ಕಾಯುತ್ತ ಮೂರು ಊರು ಕಳೆದೆನಲ್ಲ, ಆಗ ಯಾರೂ ಪಾಪ ಅನ್ನಲಿಲ್ಲ. ಮಾಡಲಿ ವಿಡಿಯೋ. ನನ್ನ ಎಡಗಾಲಿನ ಒದೆತ ಅದರಲ್ಲಿ ಚೆನ್ನಾಗಿ ಬರಲಿ.

ಸುಲಭವಾಗಿತ್ತು ಎಂದುಕೊಳ್ಳಬೇಡಿ. ಎರಡು ಗೇಣು ಹತ್ತಿದರೆ ಒಂದು ಗೇಣು ಜಾರುತ್ತಿದ್ದೆ. ಮೇಲಿನ ಮರಳು ಬಿಸಿ, ಕೈ ಹೂತರೆ ಒಳಗೆ ತಂಪು. ಚೂಡಿದಾರದ ಜೇಬಿನ ತುಂಬ ಮರಳು, ಅಂಗೈಯಲ್ಲಿ ಉರಿ, ತೋಳಿನಲ್ಲಿ ನಡುಕ. ವಾಪಸ್ ಹೋಗಿಬಿಡಲೇ ಎಂದು ಎರಡು ಸಲ ಅನ್ನಿಸಿತು. ಹಿಮ್ಮುಖವಾಗಿ ಹತ್ತುತ್ತಿದ್ದೆನಲ್ಲ, ಕಣ್ಣೆದುರು ಇದ್ದದ್ದು ನಮ್ಮ ಕಾರು. ಹಿಂದಿನ ಸೀಟು, ತೆರೆದ ಬಾಗಿಲು. ಮತ್ತೆ ಅಲ್ಲಿಗೆ ಹೋಗಿ ಕೂರುವುದೇ? ಒದ್ದೆ ಇನ್ನೊಂದು ಸಲ.

ಅಣ್ಣ ಎರಡೂ ಕೈ ಚಾಚಿಕೊಂಡು ಕೆಳಗಿನಿಂದ ಹಿಂಬಾಲಿಸುತ್ತಿದ್ದ, ಜಾರಿದರೆ ಹಿಡಿಯಲು. ನನ್ನ ಕ್ಯಾಲಿಪರ್ ಅವನ ಕಂಕುಳಲ್ಲಿತ್ತು, ಯಾಕೆ ತಂದನೋ ಅವನಿಗೇ ಗೊತ್ತಿಲ್ಲ. ಐವತ್ತಾರು ವಯಸ್ಸು, ಅಂಗಡಿಯಲ್ಲಿ ಕೂತು ಬೆಳೆಸಿದ ಹೊಟ್ಟೆ, ನೋಯುವ ಮಂಡಿ. ಅರ್ಧಕ್ಕೆ ಬರುವಷ್ಟರಲ್ಲಿ ಏದುಸಿರು ಬಿಡುತ್ತಿದ್ದ. ಆಗ ಅಂದ:

"ಹೊಳಿ ಮೆಟ್ಲ ಮ್ಯಾಲೆ ನೀನು ಬಿದ್ದಿದ್ದು ನೆನಪೈತೇನು? ನಾನೇ ಕರ್ಕಂಡು ಹೋಗಿದ್ದೆ. ಗದ್ದ ಒಡೆದು ಎಷ್ಟು ರಕ್ತ. ಅಪ್ಪ ಹೊಡೆದಿದ್ದು ಬಿಡು, 'ಅವಳನ್ನ ಒಂದ್ ಕಡೆ ಕೂಡ್ರಿಸಿ ಹೋಗಾಕ ಆಗ್ತಿರಲಿಲ್ಲೇನೋ' ಅಂದ್ನಲ್ಲ, ಅದು ಇನ್ನೂ ಕಿವಿಯಾಗ ಐತೆ."

ಹರಿಹರದ ಹೊಳೆ. ತುಂಗಭದ್ರೆ ತುಂಬಿದೆ ತೋರಿಸು ಎಂದು ಹಟ ಮಾಡಿದ್ದು ನಾನು. ಆಗ ನನಗೆ ಒಂಬತ್ತು, ಅವನಿಗೆ ಹದಿಮೂರು. ಅಂದಿನಿಂದ ಇಂದಿನವರೆಗೆ ಅವನು ನನ್ನನ್ನು ಕೂರಿಸುತ್ತಲೇ ಬಂದಿದ್ದಾನೆ. ಪಾಪ, ಅಪ್ಪನ ಆ ಮಾತು ಅವನನ್ನೂ ಕೂರಿಸಿಬಿಟ್ಟಿತ್ತು.

ಹಾಗಂತ ನಿಲ್ಲಲಿಲ್ಲ.

"ಅವತ್ತು ಗದ್ದ ಒಡೀತು, ಆದ್ರೆ ಹೊಳಿ ನೋಡಿದ್ನಲ್ಲ ಅಣ್ಣಾ! ಎಷ್ಟ್ ಚೆಂದ ತುಂಬಿತ್ತು. ಅದನ್ನ ಯಾರೂ ಕೇಳಲೇ ಇಲ್ಲ."

ಅಣ್ಣ ಇನ್ನೊಂದು ಹೆಜ್ಜೆ ಇಟ್ಟ, ಮಂಡಿ ಹಿಡಿದುಕೊಂಡ, ತೊಪ್ಪನೆ ಮರಳಲ್ಲಿ ಕೂತುಬಿಟ್ಟ. ಏಳಲು ಆಗಲಿಲ್ಲ. ಆ ಕ್ಷಣಕ್ಕೆ ನಾನು ಕಾದಿದ್ದೆನೋ ಏನೋ, ಮಾತು ತಾನಾಗಿ ಬಂತು.

"ಅಣ್ಣಾ, ನೀನು ಇಲ್ಲೇ ಕೂತಿರು. ನಾನು ಹಿಂಗೆ ಹೋಗಿ ಹಂಗೆ ಬರ್ತೀನಿ. ಫೋಟೋ ತೋರಿಸ್ತೀನಿ."

ಚೈತ್ರಾ ಮತ್ತು ನಾನು ತುದಿ ಮುಟ್ಟಿದಾಗ ಸೂರ್ಯ ಮುಳುಗಿ ಐದು ನಿಮಿಷವಾಗಿತ್ತು. ಮೇಲೇನಿತ್ತು? ಇನ್ನಷ್ಟು ಮರಳು. ಕೆಂಪು ಆಕಾಶ. ದೂರದಲ್ಲಿ ಒಂಟೆಗಳ ಸಾಲು, ಕಿವಿಗೆ ಗಾಳಿ. ನಾನು ಅತ್ತೆ. ಆಮೇಲೆ ಕೆಟ್ಟ ಸ್ವರದಲ್ಲಿ ಕೂಗಿದೆ, ಏನು ಕೂಗಿದೆನೋ ನೆನಪಿಲ್ಲ. ಕೆಳಗೆ ಅಣ್ಣ ನನ್ನ ಕ್ಯಾಲಿಪರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅದರದ್ದೊಂದು ಫೋಟೋ ತೆಗೆದೆ. ಇಡೀ ಪ್ರವಾಸದಲ್ಲಿ ನಾನು ತೆಗೆದದ್ದು ಅದೊಂದೇ.

ಊರಿಗೆ ಬಂದಮೇಲೆ ಸುದ್ದಿ ನೆಂಟರಿಗೆಲ್ಲ ಹರಡಿತು. ಕುಕ್ಕುವಾಡದಿಂದ ಚಿಕ್ಕಮ್ಮ ಫೋನ್ ಮಾಡಿ, "ಬೇಕಿತ್ತೇನವ್ವ ಈ ವಯಸ್ಸಿನಾಗ? ಅಷ್ಟು ಜನರ ಮುಂದೆ ಮಣ್ಣಾಗ ತೆವಳೋದು?" ಎಂದರು. ಬೇಕಿತ್ತು ಚಿಕ್ಕಮ್ಮ ಎಂದೆ. ಇನ್ನೊಂದು ಸಲವೂ ಬೇಕು ಎಂದೆ. ಅವರ ಮೊಮ್ಮಗನ ಜವಳಕ್ಕೆ ಮುಂದಿನ ತಿಂಗಳು ಎಲ್ಲರೂ ಗುಡ್ಡದ ಮೇಲಿನ ಗುಡಿಗೆ ಹೋಗುತ್ತಿದ್ದಾರೆ. ನೀನು ಕೆಳಗೆ ಕಾರಿನಲ್ಲಿ ಕೂತಿದ್ದರಾಯಿತು ಎಂದು ಅವರು ಆಗಲೇ ನನ್ನ ಜಾಗ ಗೊತ್ತು ಮಾಡಿದ್ದರು. ಬೂಟು ಬಿಚ್ಚಲು ಹತ್ತು ನಿಮಿಷ ಬೇಕು, ಎಲ್ಲರೂ ಕಾಯಬೇಕಾಗುತ್ತದೆ ಎಂದು ಹೇಳಿ ಫೋನಿಟ್ಟೆ.

ಸುಮ್ಮನೆ ಒಂದು ಮಾತು ಕೇಳುತ್ತೇನೆ. ನಿಮ್ಮ ಮನೆಯಲ್ಲೂ ಒಬ್ಬರು ಚಪ್ಪಲಿ ಕಾಯುವವರು ಇದ್ದಾರಲ್ಲ, ಅವರಿಗೆ ಬರಲು ಆಗುವುದಿಲ್ಲವೋ, ಅಥವಾ ನೀವು ಕೇಳಿಯೇ ಇಲ್ಲವೋ?