ಕೆಂಪು ಚೀಟಿಯವರು ಕೇಳದೆ ಬಿಟ್ಟ ಪ್ರಶ್ನೆ

ನಮ್ಮ ಪಂಪು ಕಾರ್ಖಾನೆಯ ಸ್ಟೋರ್ ಕೀಪರಿಗೆ ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಉಳಿದಂತೆ ಎಲ್ಲರಿಗೂ ಅವರು ‘ಕೆಂಪು ಚೀಟಿ’. ಯಾವ ಬಿಡಿಭಾಗ ಒಂದೇ ಕಡೆಯಿಂದ ಬರುತ್ತದೋ ಅದರ ಡಬ್ಬಕ್ಕೆ ಕೆಂಪು ಚೀಟಿ ಅಂಟಿಸುವುದು ಅವರ ಪದ್ಧತಿ. ಸರಕು ತಂದವರನ್ನೂ ಸುಮ್ಮನೆ ಬಿಡುತ್ತಿರಲಿಲ್ಲ. “ನಿಮಗೆ ಇದು ಎಲ್ಲಿಂದ ಬರುತ್ತೆ?” ಎಂದು ಕೇಳಿ, ಉತ್ತರ ಸಿಕ್ಕರೆ “ಅವ್ರಿಗೆ?” ಎನ್ನುತ್ತಿದ್ದರು. ಹೀಗೆ ಕೆದಕಿ ಕೆದಕಿ, ರಬ್ಬರ್ ವಾಷರ್ ಕೊಡುವ ಮೂವರೂ ನದಿಯಾಚೆಯ ಒಂದೇ ಕಾರ್ಖಾನೆಯಿಂದ ತರುತ್ತಾರೆಂದು ಪತ್ತೆ ಹಚ್ಚಿ, ಆರು ತಿಂಗಳಿಗಾಗುವಷ್ಟು ವಾಷರ್ ಕೂಡಿಟ್ಟರು.

“ಇದೇನ್ರೀ, ವಾಷರ್ ಮ್ಯೂಸಿಯಂ ಇಡ್ತೀರಾ?” ಎಂದು ಮ್ಯಾನೇಜರ್ ಗೊಣಗಿದರು.

ಮನೆಯಲ್ಲಿ ಹೆಂಡತಿಗೆ ಫಿಟ್ಸ್. ಮಾತ್ರೆ ಒಂದು ಹೊತ್ತೂ ತಪ್ಪುವಂತಿರಲಿಲ್ಲ. ಅದಕ್ಕೂ ಇವರ ವ್ಯವಸ್ಥೆಯಿತ್ತು: ಒಂದು ವಾರ ನಮ್ಮ ಬೀದಿಯ ಔಷಧಿ ಅಂಗಡಿ, ಇನ್ನೊಂದು ವಾರ ಹಿಂದಿನ ಬೀದಿಯದು. ಒಬ್ಬರಲ್ಲಿ ಮುಗಿದರೆ ಇನ್ನೊಬ್ಬರಿದ್ದಾರೆ.

ಒಮ್ಮೆ ಆಕೆ ಇವರ ಅಂಗಿಯ ಬೆನ್ನಿಗೇ ಕೆಂಪು ಚೀಟಿ ಅಂಟಿಸಿ ಕೆಲಸಕ್ಕೆ ಕಳಿಸಿದ್ದರು. ಕಾರ್ಖಾನೆಯೆಲ್ಲ ನಕ್ಕಿತು. ಸಂಜೆ ಹೋಗಿ ವಿಚಾರಿಸಿದರೆ, “ನಂಗಿರೋದು ನೀವೊಬ್ರೇ ಅಲ್ವೇನ್ರೀ” ಎಂದರಂತೆ. ಇದನ್ನು ಇವರೇ ನಮಗೆಲ್ಲ ಹೇಳಿಕೊಂಡು ತಿರುಗಿದರು.

ಆ ವರ್ಷ ನದಿ ಉಕ್ಕಿತು. ಆಚೆ ದಡದ ರಬ್ಬರ್ ಕಾರ್ಖಾನೆ ಮುಳುಗಿತು, ಪಕ್ಕದ ಔಷಧಿ ಗೋದಾಮೂ ಮುಳುಗಿತು. ಇವರು ಮೊದಲ ಅಂಗಡಿಗೆ ಹೋದರು, ಮಾತ್ರೆ ಇರಲಿಲ್ಲ. ಎರಡನೆಯದಕ್ಕೆ ಧೈರ್ಯವಾಗಿಯೇ ಹೋದರು.

“ಅವ್ರಿಗೂ ನಮಗೂ ಅದೇ ಗೋದಾಮಿಂದ ಬರೋದು ಸಾರ್. ಊರಿಗೆಲ್ಲ ಅದೊಂದೇ. ನಿಮಗೆ ಗೊತ್ತಿರ್ಲಿಲ್ವಾ?” ಎಂದ ಅಂಗಡಿಯವನು.

ಡಾಕ್ಟರು ಬೇರೆ ಮಾತ್ರೆ ಬರೆದುಕೊಟ್ಟರು. ಅದು ಆಕೆಗೆ ಒಗ್ಗಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಬಚ್ಚಲಲ್ಲಿ ಬಿದ್ದವರು ಮತ್ತೆ ಏಳಲಿಲ್ಲ.

ಊರಿನ ಪಂಪು ಕಾರ್ಖಾನೆಗಳಲ್ಲಿ ಒಂದು ದಿನವೂ ನಿಲ್ಲದೆ ನಡೆದದ್ದು ನಮ್ಮದೊಂದೇ. ಕೆಂಪು ಚೀಟಿಯವರು ಕೆಲಸಕ್ಕೆ ಮರಳಿದ ದಿನ ಮ್ಯಾನೇಜರ್ ಸಭೆ ಕರೆದರು. ಅರ್ಧ ಗಂಟೆ ತಮ್ಮ ದೂರದೃಷ್ಟಿಯನ್ನು ಬಣ್ಣಬಣ್ಣದ ನಕ್ಷೆಗಳಲ್ಲಿ ತೋರಿಸಿ, ಆಮೇಲೆ ನೆನಪಾದವರಂತೆ, “ನೀವೂ ಎರಡು ಮಾತಾಡ್ರೀ” ಎಂದರು.

ಅವರು ಎದ್ದು ನಿಂತರು.

“ಎರಡು ಅಂಗಡಿ ಇದ್ವು ಸಾರ್. ಅವ್ರಿಗೆ ಎಲ್ಲಿಂದ ಬರುತ್ತೆ ಅಂತ ನಾನು ಕೇಳ್ಲೇ ಇಲ್ಲ.”

“ಒಳ್ಳೇ ಪಾಯಿಂಟು” ಎಂದು ಬರೆದುಕೊಂಡ ಮ್ಯಾನೇಜರ್ ಒಬ್ಬರೇ ಚಪ್ಪಾಳೆ ತಟ್ಟಿದರು. ಕೆಂಪು ಚೀಟಿಯವರು ಕೂರುವ ಮುನ್ನ ಕೈ ಹಿಂದೆ ಮಾಡಿ, ಅಂಗಿಯ ಬೆನ್ನನ್ನು ಒಮ್ಮೆ ತಡವಿಕೊಂಡರು.